ಕತೆ ಬರೆಯುವ ಕಸುಬು

ಕತೆಯು ಸ್ಫೂರ್ತಿಯಿಂದ ಹುಟ್ಟುವದೆಂದು ನಮ್ಮಲ್ಲಿ ಬಹು ಜನರು ನಂಬಿರುವರು. ಸರಸ್ವತಿಯು ಒಲಿದ ರಾತ್ರಿ ಲೇಖನಿಯು ತಾನಾಗಿಯೇ ಓಡುವದು, ಒಲಿಯದ ರಾತ್ರಿ ಎಷ್ಟು ತಿಣುಕಿದರೂ ಒಂದು ಸಾಲು ಬಾರದು ಎಂಬದು ಅವರ ಮತ. ಈ ನಂಬಿಕೆಯು ಪೂರ್ತಿ ಸುಳ್ಳೆನ್ನುವಂತಿಲ್ಲ. ಆದರೆ ಇದರಿಂದಾದ ಹಾನಿಯು ಸಣ್ಣದಲ್ಲ. ಸ್ಫೂರ್ತಿಯ ದಾರಿ ನೋಡುತ್ತ ಕುಳಿತ ಎಷ್ಟೋ ಜಾಣರು ದಾರಿ ನೋಡುವದರಲ್ಲಿಯೇ ಆಯುಷ್ಯವನ್ನು ಕಳೆದಿರುವರು. ಮನಸ್ಸಿಲ್ಲವೆಂದು ನೇಕಾರನು ಮಗ್ಗವನ್ನು ಬಿಟ್ಟೇಳುವದಿಲ್ಲ. ಹದ ಬಂದ ದಿನ ಒಕ್ಕಲಿಗನು ಕೂರಿಗೆಯನ್ನು ಮೂಲೆಗಿಡುವದಿಲ್ಲ. ಕತೆ ಬರೆಯುವದೂ ಒಂದು ಕಸುಬೇ ಆಗಿರುವದು. ಉಳಿದ ಕಸುಬುಗಳಿಗೆ ಬೇಕಾಗುವ ಹೊತ್ತು, ಕೈಬಳಕೆ, ಸಾಮಗ್ರಿಯ ಪರಿಚಯ, ಕೆಟ್ಟದ್ದನ್ನು ಬಿಚ್ಚಿ ಮತ್ತೆ ಹೊಲಿಯುವ ತಾಳ್ಮೆ, ಇವೆಲ್ಲ ಇದಕ್ಕೂ ಬೇಕು.

ಈ ಮಾತನ್ನು ಒಂದು ಊರಿಗೆ ಹಚ್ಚಿ ನೋಡೋಣ. ಬೆಳಗಾವಿ ಜಿಲ್ಲೆಯ ಕಿತ್ತೂರು ತಾಲೂಕಿನಲ್ಲಿ ಮುಗಟಖಾನ ಹುಬ್ಬಳ್ಳಿಯೆಂಬ ಊರಿರುವದು. ಜನರ ಬಾಯಲ್ಲಿ ಅದು ಎಂ.ಕೆ. ಹುಬ್ಬಳ್ಳಿ. ಖಾನಾಪುರದ ಕಾಡಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯು ಈ ಊರನ್ನು ಮುಟ್ಟಿ ಹರಿಯುವಳು. ಬಸವಣ್ಣನವರ ಪತ್ನಿಯಾದ ಗಂಗಾಂಬಿಕೆಯು ಕಲ್ಯಾಣದ ಕ್ರಾಂತಿಯ ತರುವಾಯ ಇಲ್ಲಿಯೇ ಐಕ್ಯಳಾದಳೆಂಬ ಪರಂಪರೆಯುಂಟು. ಪುಣೆ-ಬೆಂಗಳೂರು ಹೆದ್ದಾರಿಯು ಊರಿನ ಬದಿಯಲ್ಲಿಯೇ ಹೋಗಿರುವದು. ಮಲಪ್ರಭಾ ಸಹಕಾರಿ ಸಕ್ಕರೆ ಕಾರಖಾನೆಯು ಇಲ್ಲಿರುವದರಿಂದ ಸುತ್ತಲಿನ ಹಳ್ಳಿಗಳ ಕಬ್ಬಿಗೂ ಈ ಊರಿಗೂ ಬಿಡಿಸಲಾರದ ನಂಟು. ಒಂದು ಕಡೆಗೆ ಕಿತ್ತೂರು, ಇನ್ನೊಂದು ಕಡೆಗೆ ಬೈಲಹೊಂಗಲ, ಅದರಾಚೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ.

ಇಂಥ ಊರಿನಲ್ಲಿ ಕತೆಗೆ ವಿಷಯವಿಲ್ಲವೆಂದು ಯಾರೂ ಹೇಳಲಾರರು. ಆದರೂ ಈ ಊರಿನ ಶಾಲೆಯ ಮಾಸ್ತರರೋ, ಅಂಗಡಿಯ ಲೆಕ್ಕ ಬರೆಯುವವರೋ, ಮಕ್ಕಳು ಮಲಗಿದ ಮೇಲೆ ಪುಸ್ತಕ ಹಿಡಿಯುವ ಗೃಹಿಣಿಯೋ ಕತೆ ಬರೆಯಲು ಕುಳಿತರೆ ಮೊದಲು ಕಾಗದದ ಮೇಲೆ ಬರುವವರು ಯಾವದೋ ಮಹಾನಗರದ ನಾಯಕ-ನಾಯಿಕೆಯರು! ತಮ್ಮ ಓಣಿಯ ಜನರು ಕತೆಗೆ ತಕ್ಕವರಲ್ಲವೆಂಬ ಸಂಕೋಚವೇ ಇದಕ್ಕೆ ಕಾರಣ. ಇದರ ಪರಿಣಾಮವು ಬರೆಯುವವರೊಬ್ಬರಿಗೆ ಮಾತ್ರ ತಟ್ಟುವದಿಲ್ಲ. ಅರಸರ ದಾನವು ಶಿಲಾಶಾಸನದಲ್ಲಿ ಉಳಿಯುವದು. ಹೊಲದ ಮೇರೆಯು ಸರಕಾರಿ ದಫ್ತರದಲ್ಲಿ ಉಳಿಯುವದು. ಆದರೆ ಕಬ್ಬು ಕಡಿಯಲು ಬಂದ ಕೂಲಿಯ ಹೆಂಗಸು ಕೂಸನ್ನು ಎಲ್ಲಿ ಮಲಗಿಸುತ್ತಿದ್ದಳು, ಅಣ್ಣ-ತಮ್ಮಂದಿರು ಬೇರೆಯಾದ ದಿನ ಮುದುಕಿಯು ಯಾರ ಒಲೆಯ ಮುಂದೆ ಕುಳಿತಳು, ಇದನ್ನು ಯಾವ ದಫ್ತರವೂ ಬರೆದಿಡುವದಿಲ್ಲ. ಅದನ್ನು ಬರೆದಿಡುವದು ಕತೆಯೊಂದೇ. ಊರಿನವರೇ ಬರೆಯದಿದ್ದರೆ ಎರಡು ತಲೆಮಾರಿನಲ್ಲಿ ಅದು ಇಲ್ಲದಂತಾಗುವದು. ಆದುದರಿಂದ ಕತೆ ಬರೆಯುವವರು ತಮ್ಮ ಕಸುಬನ್ನು ಚನ್ನಾಗಿ ಕಲಿಯುವದು ಬರಿಯ ಹವ್ಯಾಸದ ಮಾತಲ್ಲ.

೧. ಹೊತ್ತು

ಮೊದಲನೆಯ ತೊಡಕು ಹೊತ್ತಿನದು. “ನಮಗೆ ಸಂಸಾರವಿರುವದು, ನೌಕರಿಯಿರುವದು, ಬರೆಯಲು ಬಿಡುವೆಲ್ಲಿ?” ಎಂದು ಕೇಳುವವರು ಬಹಳ. ಆದರೆ ನಮ್ಮ ಕನ್ನಡದ ಕತೆ-ಕಾದಂಬರಿಗಳ ಬಹುಭಾಗವು ಬಿಡುವಿಲ್ಲದವರ ಕೈಯಿಂದಲೇ ಬಂದಿರುವದು. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯-೧೯೪೨) ಕನ್ನಡ ಶಾಲೆಯ ಶಿಕ್ಷಕರಾಗಿದ್ದವರು. ಮಾಸ್ತಿಯವರು ಮೈಸೂರು ಸರಕಾರದ ದೊಡ್ಡ ಅಧಿಕಾರಿಗಳಾಗಿದ್ದುಕೊಂಡೇ ಸಣ್ಣ ಕತೆಗೆ ಕನ್ನಡದಲ್ಲಿ ಒಂದು ಸ್ಥಾನವನ್ನು ದೊರಕಿಸಿಕೊಟ್ಟರು. ಬೆಳಗಾವಿ ಜಿಲ್ಲೆಯ ಶೇಡಬಾಳದ ಮಿರ್ಜಿ ಅಣ್ಣಾರಾಯರೂ ಶಿಕ್ಷಕರೇ. ನಂಜನಗೂಡಿನ ತಿರುಮಲಾಂಬಾ ಅವರು ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾಗಿ, ಮನೆಯಲ್ಲಿಯೇ ಓದು ಕಲಿತು, ೧೯೧೩ರಲ್ಲಿ ‘ಸುಶೀಲೆ’ ಎಂಬ ಕಾದಂಬರಿಯನ್ನು ಹೊರತಂದರು. ಮುಂದೆ ತಾವೇ ಗ್ರಂಥಮಾಲೆಯನ್ನೂ ಮಾಸಪತ್ರಿಕೆಯನ್ನೂ ನಡೆಯಿಸಿದರು. ತ್ರಿವೇಣಿಯವರು ಬಾಳಿದ್ದು ೧೯೨೮ರಿಂದ ೧೯೬೩ರ ವರೆಗೆ ಮಾತ್ರ. ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಕೊಟ್ಟುಹೋದರು.

ಹೊತ್ತನ್ನು ಹೇಗೆ ಹೊಂದಿಸಬೇಕೆಂಬುದಕ್ಕೆ ಪರದೇಶದ ಒಂದು ನಿದರ್ಶನವು ಬಹು ಉಪಯುಕ್ತವಾದದ್ದು. ಇಂಗ್ಲಂಡದ ಆ್ಯಂಟನಿ ಟ್ರಾಲಪನು ಟಪಾಲು ಇಲಾಖೆಯ ನೌಕರ. ಮುಂಜಾನೆ ಐದೂವರೆ ಗಂಟೆಗೆ ಮೇಜಿನ ಮುಂದೆ ಕೂಡ್ರುವದು ಅವನ ನಿಯಮ. ಹೊತ್ತಿಗೆ ಸರಿಯಾಗಿ ಎಬ್ಬಿಸಿ ಕಾಫಿ ತಂದುಕೊಡುವದಕ್ಕಾಗಿ ಮನೆಯ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಕೊಡುತ್ತಿದ್ದನು. ಮೊದಲ ಅರ್ಧ ತಾಸು ಹಿಂದಿನ ದಿನ ಬರೆದದ್ದನ್ನು ಓದುವದು. ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ತಾಸಿಗೆ ೨೫೦ ಶಬ್ದಗಳಂತೆ ಬರೆಯುವದು. ಅದು ಮುಗಿದ ಮೇಲೆ ನೌಕರಿಗೆ ಹೋಗುವದು. ಹೀಗೆ ಅವನು ೪೭ ಕಾದಂಬರಿಗಳನ್ನು ಬರೆದನು. ಅವನ ಮರಣಾನಂತರ ೧೮೮೩ರಲ್ಲಿ ಆತ್ಮಚರಿತ್ರೆಯು ಪ್ರಕಟವಾಗಿ ಈ ಗುಟ್ಟು ಹೊರಬಿದ್ದಾಗ, “ಇವನು ಕಲಾವಿದನಲ್ಲ, ಕೂಲಿಕಾರ” ಎಂಬ ತಾತ್ಸಾರವು ಹಲವರಲ್ಲಿ ಹುಟ್ಟಿತು. ಆದರೆ ತಾತ್ಸಾರವು ಅಳಿಯಿತು, ಪುಸ್ತಕಗಳು ಉಳಿದವು.

ನಮ್ಮ ಗೃಹಸ್ಥರು ೨೫೦ ಶಬ್ದಗಳ ಹಟವನ್ನು ಹಿಡಿಯಬೇಕಾಗಿಲ್ಲ. ದಿನಕ್ಕೆ ಒಂದು ಪುಟ ಸಾಕು. ಆದರೆ ಒಂದೇ ಹೊತ್ತು, ಒಂದೇ ಸ್ಥಳ. ದಿನಕ್ಕೊಂದು ಪುಟವೆಂದರೆ ವರ್ಷಕ್ಕೆ ಮುನ್ನೂರರ ಮೇಲೆ. ಅದು ಒಂದು ಕಾದಂಬರಿ. ಬರೆಯುವದನ್ನು ನಿಲ್ಲಿಸುವಾಗಲೂ ಒಂದು ಉಪಾಯವುಂಟು. ಅಮೇರಿಕೆಯ ಹೆಮಿಂಗ್ವೆಯು, ಮುಂದೇನಾಗುವದೆಂದು ತನಗೆ ಗೊತ್ತಿರುವಾಗಲೇ ಆ ದಿನದ ಕೆಲಸವನ್ನು ನಿಲ್ಲಿಸುತ್ತಿದ್ದನು. ಬಾವಿಯ ತಳ ಕಾಣುವ ತನಕ ನೀರು ಸೇದಿದರೆ ಮರುದಿನ ಕೊಡವು ಬರಿದಾಗಿಯೇ ಮೇಲೆ ಬರುವದು. ಇನ್ನು ಇಂದಿನ ಕೈಯೊಳಗಿನ ಮೊಬೈಲು. ಅದು ಟಿಪ್ಪಣಿ ಬರೆದಿಡಲು ಒಳ್ಳೆಯದೇ. ಆದರೆ ಬರೆಯುವ ಹೊತ್ತನ್ನು ಕದಿಯುವ ಕಳ್ಳನೂ ಅದೇ. ಆ ಒಂದು ತಾಸಿನ ಮಟ್ಟಿಗೆ ಅದನ್ನು ಬೇರೆ ಕೋಣೆಯಲ್ಲಿಡುವದು ಹಿತ.

೨. ಕಿವಿ

ಕತೆಗಾರನ ಮೊದಲನೆಯ ಸಾಧನವು ಲೇಖನಿಯಲ್ಲ, ಕಿವಿ. ಗೋಕಾಕ ತಾಲೂಕಿನ ಬೆಟಗೇರಿ ಕೃಷ್ಣಶರ್ಮರು (೧೯೦೦-೧೯೮೨) ‘ಆನಂದಕಂದ’ರೆಂದು ಕತೆ, ಕಾದಂಬರಿ, ಕವಿತೆಗಳನ್ನು ಬರೆದರು, ‘ಜಯಂತಿ’ ಮಾಸಪತ್ರಿಕೆಯನ್ನು ನಡೆಯಿಸಿದರು, ಅದರೊಡನೆ ಜನಪದ ಗೀತಗಳನ್ನೂ ಸಂಗ್ರಹಿಸಿದರು. ಹಾಡುವವರ ಮುಂದೆ ಕುಳಿತು ಕೇಳಿದ ಆ ಕಿವಿಯೇ ಅವರ ಬರವಣಿಗೆಗೆ ಹಳ್ಳಿಯ ಹದವನ್ನು ಕೊಟ್ಟಿತು. ಮಿರ್ಜಿ ಅಣ್ಣಾರಾಯರ ‘ನಿಸರ್ಗ’ವು ೧೯೪೫ರಲ್ಲಿ ಬಂದಾಗ, ಗಡಿನಾಡಿನ ಒಕ್ಕಲು ಮನೆತನದ ಜನರು ತಮ್ಮ ಮಾತಿನಲ್ಲಿಯೇ ಕಾದಂಬರಿಯೊಳಗೆ ನಡೆದಾಡಿದರು.

ಆಡುಮಾತನ್ನು ಬರೆಯುವದೆಂದರೆ ಶಬ್ದಗಳ ಬಾಲವನ್ನು ಕತ್ತರಿಸಿ ‘ಐತಿ’, ‘ಹೊಂಟಾನ’ ಎಂದು ಬರೆದಷ್ಟಕ್ಕೆ ಮುಗಿಯಲಿಲ್ಲ. ಜನರು ಏನನ್ನು ಹೇಳುವರು, ಏನನ್ನು ಹೇಳದೆ ಬಿಡುವರು ಎಂಬದರಲ್ಲಿ ಅದರ ಜೀವವಿರುವದು. ಸಾಲ ಕೊಟ್ಟವನು ಒಬ್ಬ ರೈತನ ಬಾಗಿಲಿಗೆ ಬಂದನೆಂದು ಭಾವಿಸಿರಿ. ಎಳೆಯ ಕತೆಗಾರನು ರೈತನ ಬಾಯಿಂದ, “ಈಗ ನನ್ನ ಹತ್ತಿರ ಹಣವಿಲ್ಲ, ದಯವಿಟ್ಟು ಇನ್ನೊಂದು ತಿಂಗಳು ತಾಳಿಕೊಳ್ಳಿರಿ” ಎಂದು ಆಡಿಸುವನು. ಮಲಪ್ರಭೆಯ ದಂಡೆಯ ಒಕ್ಕಲಿಗನು ಹಾಗೆ ಆಡಲಾರನು. “ಬರ್ರಿ, ಕೂಡ್ರ್ರಿ” ಎಂದು ಮೊದಲು ನೀರಿನ ತಂಬಿಗೆಯನ್ನು ಮುಂದಿಡುವನು. ಮಳೆಯ ಮಾತು, ಮಗಳ ಊರಿನ ಮಾತು ಆಡುವನು. ಕೊನೆಗೆ ಎತ್ತಲೋ ನೋಡುತ್ತ, “ಕಬ್ಬ ಇನ್ನೂ ಹೊಲದಾಗ ನಿಂತೈತ್ರಿ” ಎನ್ನುವನು. ಬಂದವನಿಗೆ ಎಲ್ಲವೂ ತಿಳಿಯಿತು, ಓದುವವನಿಗೂ ತಿಳಿಯಿತು. ಹಣವೆಂಬ ಶಬ್ದವೇ ಬರಲಿಲ್ಲ, ಆದರೆ ಮಾನ, ಭಯ, ಆಶೆ ಮೂರೂ ಬಂದವು.

ಇದನ್ನು ಕಲಿಯುವ ಶಾಲೆಯು ಸಂತೆ, ಬಸ್ಸಿನ ನಿಲ್ದಾಣ, ಹಿಟ್ಟಿನ ಗಿರಣಿ, ಮದುವೆಯ ಹಂದರ. ಕಿಸೆಯಲ್ಲಿ ಒಂದು ಚಿಕ್ಕ ವಹಿಯಿರಲಿ. ಕೇಳಿದ ಮಾತನ್ನು ಅದೇ ದಿನ ಬರೆದಿಡಬೇಕು. ಮರುದಿನ ಅದು ನಮ್ಮ ಮಾತಾಗಿ ಬದಲಾಗಿರುವದು. ಆದರೆ ಒಂದು ಎಚ್ಚರ: ನೆರೆಹೊರೆಯವರ ಮಾತಿನ ಧಾಟಿಯನ್ನು ತೆಗೆದುಕೊಳ್ಳಬಹುದು, ಅವರ ಗುಟ್ಟನ್ನು ಬೀದಿಗೆ ತರಬಾರದು. ಮೂವರ ಮಾತು, ನಾಲ್ವರ ನಡೆ ಕೂಡಿ ಒಂದು ಪಾತ್ರವಾಗಬೇಕು. ಓದಿದವರು, “ಇಂಥವರನ್ನು ನಾವು ಬಲ್ಲೆವು” ಎನ್ನಲಿ. “ಇವನು ಇಂಥವನೇ” ಎಂದು ಬೆರಳು ಮಾಡಿ ತೋರಿಸದಿರಲಿ.

೩. ಕಣ್ಣು

ಕಿವಿಯ ತರುವಾಯ ಕಣ್ಣು. “ಆಕೆಯು ಬಹಳ ದುಃಖದಲ್ಲಿದ್ದಳು” ಎಂದು ಬರೆದರೆ ವಾಚಕನು ಅದನ್ನು ನಂಬಬೇಕಾಗುವದು. “ಒಲೆಯ ಮೇಲಿನ ಸಾರು ಉಕ್ಕಿ ಬೂದಿಯಲ್ಲಿ ಚೆಲ್ಲಿದರೂ ಆಕೆಯು ಎದ್ದು ನೋಡಲಿಲ್ಲ” ಎಂದು ಬರೆದರೆ ಅವನು ಅದನ್ನು ಕಾಣುವನು. ಕಂಡದ್ದನ್ನು ನಂಬಿಸುವ ಅವಶ್ಯಕತೆಯಿಲ್ಲ. ಆದರೆ ಇದಕ್ಕೆ ಬರೆಯುವವನು ಜನರ ಕೆಲಸವನ್ನು ಬಲ್ಲವನಾಗಿರಬೇಕು. ಕಬ್ಬಿನ ಕತೆ ಬರೆಯುವವನಿಗೆ, ಕಡಿದ ಕಬ್ಬು ಹೊತ್ತಿಗೆ ಸರಿಯಾಗಿ ಗಾಣ ಸೇರದಿದ್ದರೆ ಒಣಗಿ ತೂಕದಲ್ಲಿ ಇಳಿಯುವದೆಂಬದು ಗೊತ್ತಿರಬೇಕು. ಅದು ಗೊತ್ತಿದ್ದರೆ ಕಾರಖಾನೆಯ ಬಾಗಿಲಲ್ಲಿ ಸಾಲುಗಟ್ಟಿ ನಿಂತ ಗಾಡಿಯವನ ಚಡಪಡಿಕೆಯು ತಾನಾಗಿಯೇ ಕತೆಯಾಗುವದು.

ಐತಿಹಾಸಿಕ ಕತೆಗಳ ವಿಷಯದಲ್ಲಿ ಈ ಭಾಗದವರಿಗೆ ಒಂದು ವಿಶೇಷ ಜವಾಬುದಾರಿಯುಂಟು. ಕಿತ್ತೂರಿನ ನೆರಳು ಈ ನೆಲದ ಮೇಲೆಲ್ಲ ಹರಡಿರುವದು. ೧೮೨೪ರ ಅಕ್ಟೋಬರದಲ್ಲಿ ಥ್ಯಾಕರೆಯು ಕಿತ್ತೂರಿನ ಕಾಳಗದಲ್ಲಿ ಮಡಿದನು. ಅದೇ ವರ್ಷದ ಡಿಸೆಂಬರದಲ್ಲಿ ಕೋಟೆಯು ಇಂಗ್ಲಿಷರ ವಶವಾಯಿತು. ರಾಣಿ ಚನ್ನಮ್ಮನು ಬೈಲಹೊಂಗಲದಲ್ಲಿ ಸೆರೆಯಾಳಾಗಿದ್ದು ೧೮೨೯ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಇವು ಗೋಡೆಗೆ ಬಡಿದ ಗೂಟಗಳು. ಕತೆಗಾರನು ಗೂಟದಿಂದ ಗೂಟಕ್ಕೆ ತನ್ನ ಬಟ್ಟೆಯನ್ನು ಹರವಿಕೊಳ್ಳಬಹುದು. ಗೂಟಗಳನ್ನೇ ಕಿತ್ತು ಬೇಕಾದಲ್ಲಿ ಬಡಿಯಲಾಗದು. ಆದರೆ ನಡುವಿನ ಅವಕಾಶವು ಎಷ್ಟು ವಿಶಾಲವಾದದ್ದು! ಸೆರೆಯ ಆ ನಾಲ್ಕು ವರ್ಷಗಳಲ್ಲಿ ರಾಣಿಗೆ ನೀರು ತಂದವರಾರು? ಬೈಲಹೊಂಗಲದ ಪೇಟೆಯ ಜನರು ಕೋಟೆಯ ಬಾಗಿಲಿನ ಮುಂದೆ ಹಾಯುವಾಗ ದನಿಯನ್ನು ತಗ್ಗಿಸುತ್ತಿದ್ದರೋ ಏರಿಸುತ್ತಿದ್ದರೋ? ಕತ್ತಿಯ ಝಣತ್ಕಾರವನ್ನು ನೂರು ಜನರು ಬರೆಯಬಲ್ಲರು. ನೀರಿನ ಕೊಡವನ್ನು ಹೊತ್ತವಳನ್ನು ಕಾಣುವ ಕಣ್ಣು ಆ ನೀರನ್ನೇ ಕುಡಿದು ಬೆಳೆದವರಿಗೆ ಇರಬೇಕು.

ಕಂಡದ್ದನ್ನು ಕೂಡಲೆ ಬರೆಯಬೇಕೆಂಬ ನಿಯಮವೂ ಇಲ್ಲ. ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು (೧೯೧೯-೧೯೮೯) ೧೯೪೨ರ ಚಳವಳಿಯಲ್ಲಿ ಸೆರೆಮನೆ ಕಂಡವರು. ಆ ಹೋರಾಟದ ಬಾಳು ಕೆಲವು ವರ್ಷಗಳ ಮೇಲೆ ‘ಮಾಡಿ ಮಡಿದವರು’ ಎಂಬ ಕಾದಂಬರಿಯಾಯಿತು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯು ೧೯೩೬ರದು, ಅದೇ ಮಲೆನಾಡು ‘ಮಲೆಗಳಲ್ಲಿ ಮದುಮಗಳು’ ಆಗಿ ಮತ್ತೆ ಬಂದದ್ದು ೧೯೬೭ರಲ್ಲಿ. ಕಟ್ಟಿಗೆಯು ಒಣಗಿದ ಮೇಲೆಯೇ ಬಾಗಿಲಾಗಲು ಯೋಗ್ಯ; ಹಸಿಯ ಹಲಿಗೆಯು ಸೀಳುವದು.

೪. ಕೈಬಳಕೆ

ಸ್ವಂತದ್ದನ್ನು ಬರೆಯುವ ಮೊದಲು ಬಲ್ಲವರ ಬರವಣಿಗೆಯಲ್ಲಿ ಕೈಪಳಗಿಸುವದು ನಾಚಿಕೆಯ ಕೆಲಸವಲ್ಲ. ಗಳಗನಾಥರ ‘ಪ್ರಬುದ್ಧ ಪದ್ಮನಯನೆ’ಗೆ ೧೮೯೮ರ ಸುಮಾರಿಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ದೊರೆಯಿತು. ಮುಂದೆ ಅವರು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು; ‘ಕನ್ನಡಿಗರ ಕರ್ಮಕಥೆ’ಯು ಆಪಟೆಯವರ ‘ವಜ್ರಾಘಾತ’ದಿಂದ ಬಂದದ್ದು. ಹೀಗೆ ವರ್ಷಗಟ್ಟಲೆ ಇನ್ನೊಬ್ಬರ ಕಟ್ಟಡದ ಕಲ್ಲುಗಳನ್ನು ಎತ್ತಿ ಇಟ್ಟು ನೋಡಿದ ಕೈಯೇ ೧೯೨೩ರಲ್ಲಿ ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾವಿಲಾಸ’ವೆಂಬ ದೊಡ್ಡ ಸೌಧವನ್ನು ಕಟ್ಟಿತು. ಬೆಳಗಾವಿಯ ಸೀಮೆಯಲ್ಲಿ ಎರಡು ಭಾಷೆ ಬಲ್ಲವರು ಮನೆಮನೆಗೆ ಇರುವರು. ವಾರಕ್ಕೆ ಒಂದು ಪುಟದಂತೆ ಒಳ್ಳೆಯ ಕತೆಯೊಂದನ್ನು ಮರಾಠಿಯಿಂದಲೋ ಇಂಗ್ಲಿಷಿನಿಂದಲೋ ಕನ್ನಡಕ್ಕೆ ಇಳಿಸುವದು ಎಂಥ ವ್ಯಾಯಾಮವೆಂಬದನ್ನು ಮಾಡಿದವರೇ ಬಲ್ಲರು. ಅಚ್ಚು ಹಾಕಿಸುವದಕ್ಕಲ್ಲ; ಗಂಟು ಎಲ್ಲಿ ಬಿದ್ದಿತು, ಎಲ್ಲಿ ಬಿಚ್ಚಿತು ಎಂಬದನ್ನು ಕೈಯಿಂದ ಮುಟ್ಟಿ ತಿಳಿಯುವದಕ್ಕೆ.

ಕತೆಯನ್ನು ಹೇಳುವವರು ಯಾರೆಂಬದನ್ನು ಆರಂಭಕ್ಕೆ ಮೊದಲೇ ನಿಶ್ಚಯಿಸಬೇಕು. ಮಾಸ್ತಿಯವರು ಹಲವು ಕತೆಗಳನ್ನು, ಯಾರೋ ತಮಗೆ ಹೇಳಿದರು, ತಾವು ನಮಗೆ ಹೇಳುತ್ತಿರುವೆವು ಎಂಬ ಧಾಟಿಯಲ್ಲಿ ಬರೆದಿರುವರು. ಇದರಿಂದ ಎಷ್ಟು ಹೇಳಬೇಕು, ಎಷ್ಟನ್ನು ಬಿಡಬೇಕು ಎಂಬ ಅಳತೆಯು ಹೇಳುವವನ ಸ್ವಭಾವದಿಂದಲೇ ದೊರೆಯುವದು. ಒಂದೇ ಜಗಳವನ್ನು ಅತ್ತೆ ಹೇಳಿದರೆ ಒಂದು ಕತೆ, ಸೊಸೆ ಹೇಳಿದರೆ ಇನ್ನೊಂದು, ಬಾಗಿಲ ಸಂದಿಯಿಂದ ನೋಡಿದ ಹತ್ತು ವರ್ಷದ ಹುಡುಗಿ ಹೇಳಿದರೆ ಮೂರನೆಯದು. ಮೂರನ್ನೂ ಒಂದೊಂದು ಪುಟ ಬರೆದು ನೋಡಿರಿ. ಯಾವದು ಜೀವಂತವೆಂಬದು ತಾನೇ ಗೊತ್ತಾಗುವದು.

೫. ತಿದ್ದುವದು

ಬರೆದು ಮುಗಿಸಿದಾಗ ಕೆಲಸವು ಅರ್ಧವಾಯಿತು. ಹಸ್ತಪ್ರತಿಯನ್ನು ಒಂದು ತಿಂಗಳು ಕಪಾಟಿನಲ್ಲಿ ಮುಚ್ಚಿಡಬೇಕು. ಆ ಮೇಲೆ ತೆಗೆದು ಗಟ್ಟಿಯಾಗಿ ಓದಬೇಕು. ನಾಲಗೆಯು ಎಡವಿದಲ್ಲಿ ವಾಕ್ಯವು ಕೆಟ್ಟಿರುವದು. ಮೊದಲನೆಯ ಪುಟವನ್ನು ಬೆರಳಿನಿಂದ ಮುಚ್ಚಿ ಎರಡನೆಯದರಿಂದ ಓದಿದರೆ ಕತೆಗೆ ಹಾನಿಯಿಲ್ಲವೆಂದು ಕಂಡುಬಂದರೆ, ಮೊದಲನೆಯ ಪುಟಕ್ಕೆ ನಮಸ್ಕಾರ ಹೇಳಬೇಕು. ಸೂರ್ಯೋದಯದ ವರ್ಣನೆಗಳು ಬಹುಮಟ್ಟಿಗೆ ಅಲ್ಲಿಯೇ ಇರುವವು. ಕೊನೆಯನ್ನೂ ಪರೀಕ್ಷಿಸಬೇಕು. ಕತೆಯು ಮುಗಿಯಲೊಲ್ಲದೆಂದು ಹೊಳೆಗೆ ಒಮ್ಮೆಲೆ ನೆರೆ ಬರಿಸಿ ಪಾತ್ರಗಳನ್ನೆಲ್ಲ ತೇಲಿಬಿಡುವ ಕತೆಗಾರರುಂಟು. ಮಲಪ್ರಭೆಗೆ ನೆರೆ ಬರುವದು ನಿಜವೇ. ಆದರೆ ಕತೆಯ ಕೊನೆಗೆ ನೆರೆ ಬರಬೇಕಾದರೆ ಮೊದಲಲ್ಲಿಯೇ ನೀರು ಮೆಟ್ಟಲೇರುತ್ತಿರಬೇಕು.

ತಿದ್ದುವ ಕೆಲಸದಲ್ಲಿ ಮನೆಯವರ ಸಹಾಯವು ಬಹು ದೊಡ್ಡದು. ರಶಿಯಾದ ಟಾಲ್‌ಸ್ಟಾಯರು ‘ಯುದ್ಧ ಮತ್ತು ಶಾಂತಿ’ಯನ್ನು ಮೇಲಿಂದ ಮೇಲೆ ತಿದ್ದಿ ಗೀಚಿದ ಹಾಳೆಗಳನ್ನು ಅವರ ಪತ್ನಿ ಸೋಫಿಯಾ ಅವರು ಮಕ್ಕಳ ಪಾಲನೆಯ ನಡುವೆ ಮತ್ತೆ ಮತ್ತೆ ಶುದ್ಧಪ್ರತಿ ಮಾಡಿಕೊಟ್ಟರು. ಇಂದು ಅಂಥ ದುಡಿತವನ್ನು ಮನೆಯವರ ಮೇಲೆ ಹೊರಿಸುವ ಕಾರಣವಿಲ್ಲ. ಆದರೆ ಕಿವಿಯನ್ನು ಬೇಡಬಹುದು. ರಾತ್ರಿ ಊಟದ ಮೇಲೆ ಕತೆಯನ್ನು ಓದಿ ಹೇಳಿರಿ. “ಹೇಗಿದೆ?” ಎಂದು ಮಾತ್ರ ಕೇಳಬೇಡಿರಿ, ಮನೆಯವರು ಚನ್ನಾಗಿದೆಯೆಂದೇ ಹೇಳುವರು. “ಎಲ್ಲಿ ಆಕಳಿಕೆ ಬಂದಿತು? ಮುಂದೇನಾಗುವದೆಂದು ತಿಳಿದಿದ್ದಿರಿ? ಯಾರ ಮಾತು ಸುಳ್ಳೆನಿಸಿತು?” ಎಂದು ಕೇಳಿರಿ. ಎರಡು ದಿನ ಬಿಟ್ಟು, ಕತೆಯಲ್ಲಿ ಏನು ನೆನಪಿನಲ್ಲಿ ಉಳಿಯಿತೆಂದು ಕೇಳಿರಿ. ಉಳಿದದ್ದೇ ಕತೆ, ಮರೆತದ್ದು ಹೊಟ್ಟು.

೬. ಹೊರಗೆ ಕಳಿಸುವದು

ಹೀಗೆ ಹದಕ್ಕೆ ಬಂದ ಕತೆಯನ್ನು ಪತ್ರಿಕೆಗೆ ಕಳಿಸಬೇಕು. ಅದು ತಿರುಗಿ ಬರಬಹುದು. ತಿರುಗಿ ಬಂದ ದಿನವೇ ಎರಡನೆಯ ಕತೆಯನ್ನು ಆರಂಭಿಸಿದವನು ಕತೆಗಾರ. ಸಂಪಾದಕರ ಮೇಲೆ ಮುನಿದು ಕುಳಿತವನು ಬರಿಯ ಮುನಿದವನು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬದನ್ನು ಕನ್ನಡಿಗರು ಇಂದಿಗೂ ನೆನೆಯುವರು. ೧೯೦೭ರಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ಯಿಂದಲೂ ತಮ್ಮ ಕಾದಂಬರಿಗಳಿಂದಲೂ ಅವರು ಕನ್ನಡದ ಮನೆಮನೆಗಳಲ್ಲಿ ಓದುವ ರೂಢಿಯನ್ನು ಹಚ್ಚಿದರು. ಬರೆದವನೇ ಹೊತ್ತು ಮಾರಿದ ಆ ಪುಸ್ತಕಗಳಿಗಾಗಿ ಬಾಗಿಲು ತೆರೆದ ಮನೆಗಳಿಂದಲೇ ಮುಂದಿನ ತಲೆಮಾರಿನ ಲೇಖಕರು ಹುಟ್ಟಿ ಬಂದರು.

ವಾಚಕರೇ, ನಿಮ್ಮಲ್ಲಿ ಯಾರ ಮನಸ್ಸಿನಲ್ಲಿಯಾದರೂ ಒಂದು ಕತೆಯು ಬಹಳ ದಿನಗಳಿಂದ ಕುಳಿತಿದ್ದರೆ, ಒಳ್ಳೆಯ ಮುಹೂರ್ತದ ದಾರಿ ನೋಡಬೇಡಿರಿ. ನಾಳೆ ಮುಂಜಾನೆ ಒಂದು ತಾಸು ಮೊದಲು ಏಳಿರಿ. ನಿಮ್ಮ ಓಣಿಯಲ್ಲಿ ನೀವು ಚನ್ನಾಗಿ ಬಲ್ಲ ಒಂದು ಕೆಲಸವನ್ನು, ಅದನ್ನು ಮಾಡುವ ಒಬ್ಬರನ್ನು ಒಂದು ಪುಟದಲ್ಲಿ ಬರೆಯಿರಿ. ನಾಡಿದ್ದು ಆ ಪುಟವನ್ನು ಓದಿ, ಇನ್ನೊಂದು ಪುಟ ಬರೆಯಿರಿ. ಸರಸ್ವತಿಯು ಬರುವವಳೇ ಆದರೆ ನೀವು ಕುಳಿತ ಸ್ಥಳವು ಅವಳಿಗೆ ಗೊತ್ತಿರಬೇಕು. ದಿನಾಲು ಅದೇ ಹೊತ್ತಿಗೆ, ಅದೇ ದೀಪದ ಬೆಳಕಿನಲ್ಲಿ.